ಕಂಪ್ಯಾರೇಟರ್‌ನ ಆಫ್‌ಸೆಟ್ ಅಳೆಯೋದು ಹೇಗೆ? ಎಲ್‌ಎಂ393 ಹಿಡಿದು ಒಂದು ಸಂಜೆಯ ಕೆಲಸ

ಹಳೇ ದಿನಸಿ ಅಂಗಡಿಯ ತಕ್ಕಡಿ ನೋಡಿದ್ದೀರಾ? ಎರಡೂ ತಟ್ಟೆ ಖಾಲಿ ಇದ್ದರೂ ಅದು ಒಂದು ಕಡೆ ಸ್ವಲ್ಪ ವಾಲಿರುತ್ತಿತ್ತು. ಅಂಗಡಿಯವರು ಮೇಲೆದ್ದ ತಟ್ಟೆಯ ಕೆಳಗೆ ಒಂದು ತಂತಿ ಚೂರು ಕಟ್ಟಿ ಸರಿ ಮಾಡುತ್ತಿದ್ದರು. ಕಂಪ್ಯಾರೇಟರ್ ಕೂಡ ತಕ್ಕಡಿಯೇ. ಎರಡು ಇನ್‌ಪುಟ್‌ನಲ್ಲಿ ಯಾವುದು ಜಾಸ್ತಿ ಅಂತ ಹೇಳೋದಷ್ಟೇ ಅದರ ಕೆಲಸ. ಎರಡಕ್ಕೂ ಒಂದೇ ವೋಲ್ಟೇಜ್ ಕೊಟ್ಟರೂ ಅದು ಒಂದು ಕಡೆ ವಾಲುತ್ತದೆ. ಆ ವಾಲನ್ನು ಸರಿ ಮಾಡಲು ಎಷ್ಟು ವೋಲ್ಟೇಜ್ ಸೇರಿಸಬೇಕೋ ಅದೇ ಆಫ್‌ಸೆಟ್ ವೋಲ್ಟೇಜ್. ತಂತಿ ಚೂರಿನ ತೂಕ ಅಂದುಕೊಳ್ಳಿ.

ತೊಂದರೆ ಏನಪ್ಪಾ ಅಂದ್ರೆ, ಈ ತಕ್ಕಡಿಗೆ ಮುಳ್ಳಿಲ್ಲ. ಔಟ್‌ಪುಟ್ ಒಂದೋ ಮೇಲೆ, ಇಲ್ಲವೇ ಕೆಳಗೆ. ಎಷ್ಟು ವಾಲಿದೆ ಅಂತ ಅದು ಹೇಳೋದಿಲ್ಲ. ಹಾಗಾಗಿ ಇನ್‌ಪುಟ್ ಕಡೆಯಿಂದ ನಿಧಾನವಾಗಿ ತೂಕ ಹಾಕುತ್ತಾ ಹೋಗಬೇಕು. ಯಾವ ಕ್ಷಣಕ್ಕೆ ತಟ್ಟೆ ತಿರುಗಿತು ಅಂತ ನೋಡಬೇಕು.

ಇಲ್ಲಿ ನಾನು ತೆಗೆದುಕೊಂಡಿರುವುದು ಎಲ್‌ಎಂ393. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಯಾವ ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೂ ಸಿಗುವ ಐಸಿ. ಡೇಟಾಶೀಟ್ ಪ್ರಕಾರ ಇದರ ಆಫ್‌ಸೆಟ್ 25 ಡಿಗ್ರಿಯಲ್ಲಿ ಹೆಚ್ಚೆಂದರೆ 5 ಮಿಲಿವೋಲ್ಟ್, ಪೂರ್ತಿ ತಾಪಮಾನದ ವ್ಯಾಪ್ತಿಗೆ 9 ಮಿಲಿವೋಲ್ಟ್. ನಿಮ್ಮ ಕೈಯಲ್ಲಿರುವ ಐಸಿಯದು ಎಷ್ಟು ಅಂತ ಡೇಟಾಶೀಟ್ ಹೇಳೋದಿಲ್ಲ. ಅದನ್ನು ನಾವೇ ಅಳೆಯಬೇಕು.

ಏನೇನು ಬೇಕು

ಎಲ್‌ಎಂ393 ಒಂದು. 9 ವೋಲ್ಟ್ ಬ್ಯಾಟರಿ ಎರಡು. 10 ಕೆ (ಕಿಲೋಓಮ್) ಮಲ್ಟಿಟರ್ನ್ ಪಾಟ್, ಅಂದರೆ ಹಲವು ಸುತ್ತು ತಿರುಗಿಸಿ ಹೊಂದಿಸುವ ರೆಸಿಸ್ಟರ್, ಒಂದು. 100 ಕೆ ರೆಸಿಸ್ಟರ್ ಒಂದು, 100 ಓಮ್‌ನದು ಎರಡು, 10 ಕೆ ಒಂದು, 10 ಮೆಗಾಓಮ್ ಒಂದು. 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ನಾಲ್ಕೈದು. ಮಲ್ಟಿಮೀಟರ್ ಎರಡಿದ್ದರೆ ಆರಾಮ, ಒಂದಿದ್ದರೂ ನಡೆಯುತ್ತದೆ. ದುಬಾರಿ ಮೀಟರ್ ಬೇಡ. ಯಾಕೆ ಅಂತ ಈಗಲೇ ಗೊತ್ತಾಗುತ್ತದೆ.

ಅಡಾಪ್ಟರ್ ಬದಲು ಬ್ಯಾಟರಿ ಯಾಕೆ ಅಂತ ಕೇಳಬಹುದು. ನಾವು ಹುಡುಕುತ್ತಿರುವುದು ಒಂದೆರಡು ಮಿಲಿವೋಲ್ಟ್. ಅಗ್ಗದ ಅಡಾಪ್ಟರ್‌ನ ಗಲಾಟೆಯೇ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಬ್ಯಾಟರಿ ಸುಮ್ನೆ ಕೂತಿರುತ್ತದೆ.

ಜೋಡಣೆ

ಎರಡು ಬ್ಯಾಟರಿಯನ್ನು ಸರಣಿಯಲ್ಲಿ ಹಾಕಿ. ನಡುವಿನ ಸಂಧಿಯೇ ನಮ್ಮ ಗ್ರೌಂಡ್. ಮೇಲೆ +9, ಕೆಳಗೆ −9. ಐಸಿಯ 8ನೇ ಕಾಲು +9ಕ್ಕೆ, 4ನೇ ಕಾಲು −9ಕ್ಕೆ. ಒಟ್ಟು 18 ವೋಲ್ಟ್ ಆಯಿತು. ಈ ಐಸಿ 36ರವರೆಗೆ ತಡೆಯುತ್ತದೆ, ಹೆದರಬೇಡಿ. ಎರಡೂ ಸಪ್ಲೈ ಕಾಲಿನಿಂದ ಗ್ರೌಂಡ್‌ಗೆ 0.1 ಮೈಕ್ರೋಫ್ಯಾರಡ್ ಒಂದೊಂದು, ಐಸಿಗೆ ಆದಷ್ಟು ಅಂಟಿಕೊಂಡಂತೆ ಹಾಕಿ.

ಈ ಐಸಿಯೊಳಗೆ ಎರಡು ಕಂಪ್ಯಾರೇಟರ್ ಇವೆ. ನಾವು ಮೊದಲನೆಯದನ್ನು ಅಳೆಯೋಣ: 3ನೇ ಕಾಲು ಪ್ಲಸ್ ಇನ್‌ಪುಟ್, 2ನೇ ಕಾಲು ಮೈನಸ್ ಇನ್‌ಪುಟ್, 1ನೇ ಕಾಲು ಔಟ್‌ಪುಟ್. ಎರಡನೆಯದನ್ನು ಹಾಗೇ ಬಿಟ್ಟರೆ ಅದು ತನ್ನಷ್ಟಕ್ಕೆ ಕುಣಿಯುತ್ತಾ ಪಕ್ಕದವನ ಕೆಲಸವನ್ನೂ ಕೆಡಿಸುತ್ತದೆ. ಹಾಗಾಗಿ ಅದರ ಇನ್‌ಪುಟ್‌ಗಳಾದ 5 ಮತ್ತು 6ನೇ ಕಾಲನ್ನು 4ನೇ ಕಾಲಿಗೆ ಕಟ್ಟಿಬಿಡಿ.

ಎಲ್‌ಎಂ393 ಔಟ್‌ಪುಟ್ ಓಪನ್ ಕಲೆಕ್ಟರ್. ಅಂದರೆ ಅದು ಕೆಳಗೆ ಎಳೆಯಬಲ್ಲದು, ಮೇಲೆ ತಳ್ಳಲಾರದು. ಮೇಲೆ ಎಳೆಯಲು 1ನೇ ಕಾಲಿನಿಂದ +9ಕ್ಕೆ 10 ಕೆ ಪುಲ್‌ಅಪ್ ರೆಸಿಸ್ಟರ್ ಹಾಕಿ. ಇದನ್ನು ಮರೆತು "ಐಸಿ ಸತ್ತುಹೋಗಿದೆ" ಅಂತ ಎಸೆದವರು ಬಹಳ ಜನ.

ಈಗ ಮುಖ್ಯ ಭಾಗ. ಪಾಟ್‌ನ ಎರಡು ತುದಿ +9 ಮತ್ತು −9ಕ್ಕೆ. ವೈಪರ್‌ನಿಂದ (ಪಾಟ್ ತಿರುಗಿಸಿದಾಗ ಜರುಗುವ ಸಂಪರ್ಕದ ಕಾಲು) 100 ಕೆ, ಅದರ ಇನ್ನೊಂದು ತುದಿಯಿಂದ ಗ್ರೌಂಡ್‌ಗೆ 100 ಓಮ್. ಈ ಎರಡು ರೆಸಿಸ್ಟರ್ ಸೇರುವ ಬಿಂದುವಿಗೆ "ತೂಕದ ಬಿಂದು" ಅಂತ ಹೆಸರಿಡೋಣ. ಇಲ್ಲಿ ವೈಪರ್ ವೋಲ್ಟೇಜ್‌ನ 1001ರಲ್ಲಿ ಒಂದು ಭಾಗ ಮಾತ್ರ ಬರುತ್ತದೆ. ವೈಪರ್‌ನಲ್ಲಿ 2 ವೋಲ್ಟ್ ಇದ್ದರೆ ಇಲ್ಲಿ ಹತ್ತಿರ ಹತ್ತಿರ 2 ಮಿಲಿವೋಲ್ಟ್.

ಅಗ್ಗದ ಮೀಟರ್ ಸಾಕು ಅಂದಿದ್ದು ಇದಕ್ಕೇ. ನಾವು ಮಿಲಿವೋಲ್ಟ್ ಅನ್ನು ನೇರವಾಗಿ ಅಳೆಯುವುದೇ ಇಲ್ಲ. ವೈಪರ್‌ನ ವೋಲ್ಟ್ ಅಳೆದು 1001ರಿಂದ ಭಾಗಿಸುತ್ತೇವೆ. ಮೀಟರ್ 20 ವೋಲ್ಟ್ ರೇಂಜಿನಲ್ಲಿ 10 ಮಿಲಿವೋಲ್ಟ್‌ವರೆಗೆ ತೋರಿಸಿದರೂ, ಅದು ಇನ್‌ಪುಟ್‌ನಲ್ಲಿ 10 ಮೈಕ್ರೋವೋಲ್ಟ್‌ಗೆ ಸಮ.

ತೂಕದ ಬಿಂದುವನ್ನು 3ನೇ ಕಾಲಿಗೆ ಕೊಡಿ. 2ನೇ ಕಾಲಿನಿಂದ ಗ್ರೌಂಡ್‌ಗೆ ಇನ್ನೊಂದು 100 ಓಮ್. ಇದನ್ನು ನೇರವಾಗಿ ಗ್ರೌಂಡ್‌ಗೆ ಕಟ್ಟಬಹುದಿತ್ತಲ್ಲ? ಕಟ್ಟಬಹುದು. ಆದರೆ ಈ ಐಸಿಯ ಇನ್‌ಪುಟ್‌ಗಳಿಂದ ಸುಮಾರು 25 ನ್ಯಾನೋಆಂಪ್ ಬಯಾಸ್ ಕರೆಂಟ್ ಹೊರಗೆ ಹರಿಯುತ್ತಿರುತ್ತದೆ. ಎರಡೂ ಕಡೆ ಒಂದೇ ರೋಧ ಇದ್ದರೆ ಅದರ ಪರಿಣಾಮ ಎರಡೂ ತಟ್ಟೆಗೆ ಸಮವಾಗಿ ಬೀಳುತ್ತದೆ. 100 ಓಮ್‌ನಲ್ಲಿ ಅದು ಬರೀ 2.5 ಮೈಕ್ರೋವೋಲ್ಟ್, ಲೆಕ್ಕಕ್ಕಿಲ್ಲ. ಆದರೆ ಅಲ್ಲಿ 10 ಕೆ ಇದ್ದಿದ್ದರೆ 250 ಮೈಕ್ರೋವೋಲ್ಟ್ ಆಗುತ್ತಿತ್ತು. ಇನ್‌ಪುಟ್‌ನಲ್ಲಿ ದೊಡ್ಡ ರೆಸಿಸ್ಟರ್ ಇಟ್ಟು ಆಫ್‌ಸೆಟ್ ಅಳೆದರೆ ನೀವು ಅಳೆಯುತ್ತಿರುವುದು ಆಫ್‌ಸೆಟ್ ಒಂದನ್ನೇ ಅಲ್ಲ.

ಕುಣಿತ ನಿಲ್ಲಿಸುವುದು

ಪಾಟ್ ತಿರುಗಿಸಿ ಔಟ್‌ಪುಟ್ ನೋಡಿ. ಟ್ರಿಪ್ ಆಗುವ ಜಾಗದ ಹತ್ತಿರ ಅದು ಒಂದೇ ಸಲಕ್ಕೆ ತಿರುಗುವುದಿಲ್ಲ. ಮೇಲೆ ಕೆಳಗೆ ಕುಣಿಯುತ್ತದೆ, ಮೀಟರ್ ಏನೋ ನಡುವಿನ ಅಂಕಿ ತೋರಿಸುತ್ತದೆ. ಇದು ಸಹಜ. ಈ ಐಸಿಯ ಗೇನ್, ಅಂದರೆ ಇನ್‌ಪುಟ್ ವ್ಯತ್ಯಾಸವನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನೋದು, ಸುಮಾರು 2 ಲಕ್ಷ. ಔಟ್‌ಪುಟ್ 18 ವೋಲ್ಟ್ ಓಡಾಡಲು ಇನ್‌ಪುಟ್‌ನಲ್ಲಿ 90 ಮೈಕ್ರೋವೋಲ್ಟ್ ಸಾಕು. ಆ 90 ಮೈಕ್ರೋವೋಲ್ಟ್‌ನ ಪಟ್ಟಿಯೊಳಗೆ ಇದು ಕಂಪ್ಯಾರೇಟರ್ ಅಲ್ಲ, ಭಾರೀ ಗೇನ್ ಇರುವ ಆಂಪ್ಲಿಫೈಯರ್. ಔಟ್‌ಪುಟ್ ತಂತಿಯಿಂದ ಇನ್‌ಪುಟ್‌ಗೆ ಚೂರು ಸೋರಿದರೂ ಕುಣಿತ ಶುರು.

ಮದ್ದು ಎರಡು. ಮೊದಲನೆಯದು, ತಂತಿ ಗಿಡ್ಡ ಮಾಡಿ, ಔಟ್‌ಪುಟ್ ತಂತಿಯನ್ನು ಇನ್‌ಪುಟ್‌ನಿಂದ ದೂರ ಇಡಿ. ಎರಡನೆಯದು, ಗೊತ್ತಿರುವಷ್ಟೇ ಹಿಸ್ಟರಿಸಿಸ್, ಅಂದರೆ ಔಟ್‌ಪುಟ್ ತಿರುಗಿದ ಕಡೆಗೇ ಇನ್‌ಪುಟ್‌ಗೆ ಚೂರು ಒತ್ತು, ಸೇರಿಸಿ. 1ನೇ ಕಾಲಿನಿಂದ 3ನೇ ಕಾಲಿಗೆ 10 ಮೆಗಾಓಮ್ ಹಾಕಿ. ಔಟ್‌ಪುಟ್ +9 ಇದ್ದಾಗ ಇದು ಪ್ಲಸ್ ಇನ್‌ಪುಟ್ ಅನ್ನು 90 ಮೈಕ್ರೋವೋಲ್ಟ್ ಮೇಲೆತ್ತುತ್ತದೆ, −9 ಇದ್ದಾಗ ಅಷ್ಟೇ ಕೆಳಗೆಳೆಯುತ್ತದೆ. ಹೀಗಾಗಿ ಟ್ರಿಪ್ ಪಾಯಿಂಟ್ ಎರಡಾಗುತ್ತದೆ: ಏರುವಾಗ ಒಂದು, ಇಳಿಯುವಾಗ ಒಂದು. ಅವುಗಳ ಸರಾಸರಿಯೇ ನಮಗೆ ಬೇಕಾದದ್ದು. ಆದರೂ ಕುಣಿತ ನಿಲ್ಲದಿದ್ದರೆ 1 ಮೆಗಾಓಮ್ ಹಾಕಿ. ಆಗ ಎರಡು ಪಾಯಿಂಟ್ ನಡುವೆ 1.8 ಮಿಲಿವೋಲ್ಟ್ ಅಂತರ ಬರುತ್ತದೆ. ಸರಾಸರಿ ಮಾತ್ರ ಹಾಗೇ ಉಳಿಯುತ್ತದೆ.

ಒಂದು ಎಚ್ಚರಿಕೆ. ಔಟ್‌ಪುಟ್ ಗ್ರೌಂಡ್‌ನ ಎರಡೂ ಕಡೆ ಸಮವಾಗಿ ಓಡಾಡಿದರೆ ಮಾತ್ರ ಈ ಸರಾಸರಿ ಸರಿ. ಒಂದೇ ಸಪ್ಲೈ ಇಟ್ಟು 0ಯಿಂದ 5 ವೋಲ್ಟ್ ಓಡಾಡುವಂತೆ ಮಾಡಿದರೆ ಸರಾಸರಿಯೇ ಒಂದು ಕಡೆ ಜಾರುತ್ತದೆ. 1 ಮೆಗಾಓಮ್ ಹಾಕಿದ್ದರೆ ಆ ಜಾರುವಿಕೆ 250 ಮೈಕ್ರೋವೋಲ್ಟ್. ಎರಡು ಬ್ಯಾಟರಿ ಬೇಕು ಅಂದಿದ್ದಕ್ಕೆ ಇದೂ ಒಂದು ಕಾರಣ.

ಅಳತೆ, ಮತ್ತು ತಟ್ಟೆ ಅದಲುಬದಲು

ಪಾಟ್ ಅನ್ನು −9ರ ಕಡೆಯಿಂದ ನಿಧಾನವಾಗಿ ಮೇಲಕ್ಕೆ ತನ್ನಿ. ಔಟ್‌ಪುಟ್ −9ರಿಂದ +9ಕ್ಕೆ ಹಾರಿದ ಕ್ಷಣಕ್ಕೆ ಕೈ ನಿಲ್ಲಿಸಿ ವೈಪರ್ ವೋಲ್ಟೇಜ್ ಬರೆದುಕೊಳ್ಳಿ. ಈಗ ಇನ್ನೊಂದು ಕಡೆಯಿಂದ ಕೆಳಗೆ ತನ್ನಿ, ಹಾರಿದಾಗ ಮತ್ತೆ ಬರೆದುಕೊಳ್ಳಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ನಿಮಗೆ +1.92 ವೋಲ್ಟ್ ಬಂತು ಅಂದುಕೊಳ್ಳೋಣ. 1001ರಿಂದ ಭಾಗಿಸಿದರೆ 1.918 ಮಿಲಿವೋಲ್ಟ್. ಆಫ್‌ಸೆಟ್ ಸಿಕ್ಕಿತು ಅಂತ ಇಲ್ಲಿಗೇ ಏಳುವವರೇ ಜಾಸ್ತಿ. ಏಳಬೇಡಿ. ಈ ಅಂಕಿಯಲ್ಲಿ ಐಸಿಯ ಆಫ್‌ಸೆಟ್ ಜೊತೆಗೆ ನಿಮ್ಮ ಮೇಜಿನ ತಪ್ಪೂ ಸೇರಿದೆ. ಗ್ರೌಂಡ್ ತಂತಿಯಲ್ಲಿ ಬೀಳುವ ವೋಲ್ಟೇಜ್ ಇರಬಹುದು, ಬೇರೆ ಬೇರೆ ಲೋಹ ಸೇರುವ ಜಾಗದಲ್ಲಿ ಶಾಖದಿಂದ ಹುಟ್ಟುವ ಮೈಕ್ರೋವೋಲ್ಟ್‌ಗಳಿರಬಹುದು. ಎರಡನ್ನೂ ಬೇರ್ಪಡಿಸುವುದು ಹೇಗೆ?

ತಕ್ಕಡಿಯ ಮೇಲೆ ಅನುಮಾನ ಬಂದರೆ ಏನು ಮಾಡುತ್ತೀರಿ? ಸಾಮಾನನ್ನು ಆ ತಟ್ಟೆಯಿಂದ ಈ ತಟ್ಟೆಗೆ ಹಾಕಿ ಇನ್ನೊಮ್ಮೆ ತೂಗುತ್ತೀರಿ, ಅಲ್ವಾ? ಅದನ್ನೇ ಮಾಡಿ. 2 ಮತ್ತು 3ನೇ ಕಾಲಿಗೆ ಬರುವ ತಂತಿಗಳನ್ನು ಮಾತ್ರ ಅದಲುಬದಲು ಮಾಡಿ. ತೂಕದ ಬಿಂದು ಈಗ ಮೈನಸ್ ಇನ್‌ಪುಟ್‌ಗೆ. ಹಿಸ್ಟರಿಸಿಸ್ ರೆಸಿಸ್ಟರ್ ಮಾತ್ರ 3ನೇ ಕಾಲಿನಲ್ಲೇ ಇರಲಿ. ಅದು ಮೈನಸ್‌ಗೆ ಹೋದರೆ ಕುಣಿತ ಇನ್ನೂ ಜಾಸ್ತಿ ಆಗುತ್ತದೆ.

ಮತ್ತೆ ಏರಿಸಿ, ಇಳಿಸಿ, ಸರಾಸರಿ ತೆಗೆಯಿರಿ. ಈ ಸಲ −1.48 ವೋಲ್ಟ್ ಬಂತು ಅನ್ನೋಣ. ಅಂದರೆ −1.479 ಮಿಲಿವೋಲ್ಟ್.

ಐಸಿಯ ಆಫ್‌ಸೆಟ್ ಐಸಿಯ ಜೊತೆಗೇ ತಿರುಗಿತು, ಹಾಗಾಗಿ ಅದರ ಚಿಹ್ನೆ ಬದಲಾಯಿತು. ಮೇಜಿನ ತಪ್ಪು ಇದ್ದಲ್ಲೇ ಇದೆ, ಅದರ ಚಿಹ್ನೆ ಬದಲಾಗಲಿಲ್ಲ. ಮೊದಲನೆಯದರಿಂದ ಎರಡನೆಯದನ್ನು ಕಳೆದು ಅರ್ಧ ಮಾಡಿ: 1.918 + 1.479 ಅಂದರೆ 3.397, ಅದರ ಅರ್ಧ 1.70 ಮಿಲಿವೋಲ್ಟ್. ಇದು ಐಸಿಯ ನಿಜವಾದ ಆಫ್‌ಸೆಟ್. ಎರಡನ್ನೂ ಕೂಡಿ ಅರ್ಧ ಮಾಡಿದರೆ 0.22 ಮಿಲಿವೋಲ್ಟ್. ಇದು ನಿಮ್ಮ ಬ್ರೆಡ್‌ಬೋರ್ಡ್‌ನ ಪಾಲು.

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಈ ಅದಲುಬದಲು. ಹತ್ತು ನಿಮಿಷದ ಕೆಲಸ. ಇದನ್ನು ಬಿಟ್ಟರೆ ಉಳಿದ ಎಷ್ಟೇ ಜಾಗ್ರತೆಯಿಂದಲೂ ಆ 0.22 ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ.

ಚಿಹ್ನೆಯ ಬಗ್ಗೆ ಒಂದು ಮಾತು. ಔಟ್‌ಪುಟ್ ನಡುಮಟ್ಟಕ್ಕೆ ಬರಲು ಪ್ಲಸ್ ಇನ್‌ಪುಟ್ ಮೈನಸ್‌ಗಿಂತ ಎಷ್ಟು ಮೇಲಿರಬೇಕೋ ಅದನ್ನು ನಾನು ಆಫ್‌ಸೆಟ್ ಅಂತಿದ್ದೇನೆ. ಕೆಲವರು ಉಲ್ಟಾ ಬರೆಯುತ್ತಾರೆ. ಯಾವುದಾದರೂ ಸರಿ, ನೋಟ್‌ಬುಕ್‌ನ ಮೊದಲ ಸಾಲಿನಲ್ಲೇ ಬರೆದಿಡಿ.

ನಾನೂ ಪೆಟ್ಟು ತಿಂದೇ ಕಲಿತಿದ್ದು. ಮೊದಲ ಸಲ ಒಂದೇ 5 ವೋಲ್ಟ್ ಸಪ್ಲೈನಲ್ಲಿ ಮಾಡಿದ್ದೆ. ಔಟ್‌ಪುಟ್ ಕಣ್ಣಿಗೆ ಕಾಣಲಿ ಅಂತ ಒಂದು ಎಲ್‌ಇಡಿ ಬೇರೆ. ಏರುವಾಗ ಒಂದು ಅಂಕಿ, ಇಳಿಯುವಾಗ ಅದಕ್ಕಿಂತ 8 ಮಿಲಿವೋಲ್ಟ್ ಆಚೆ ಇನ್ನೊಂದು. ಹಿಸ್ಟರಿಸಿಸ್ ಹಾಕಿಯೇ ಇರಲಿಲ್ಲ! ಎರಡು ಐಸಿ ಬದಲಾಯಿಸಿದೆ, ಅದೇ ಕಥೆ. ಕೊನೆಗೆ ನೋಡಿದರೆ ಎಲ್‌ಇಡಿಯ 8 ಮಿಲಿಆಂಪ್ ಒಂದು ಸಡಿಲ ಜಂಪರ್ ವೈರಿನ ಮೂಲಕ ಗ್ರೌಂಡ್‌ಗೆ ಹೋಗುತ್ತಿತ್ತು. ಅದೇ ವೈರಿಗೆ ರೆಫರೆನ್ಸ್ ಇನ್‌ಪುಟ್ ಕೂಡ ಕಟ್ಟಿತ್ತು. ಆ ವೈರಿನ ರೋಧ ಒಂದು ಓಮ್ ಹತ್ತಿರ. ಗುಣಿಸಿ ನೋಡಿ.

ಮೇಲಿನ ಜೋಡಣೆಯಲ್ಲಿ ಈ ಗೋಳಿಲ್ಲ. ಪುಲ್‌ಅಪ್ ಕರೆಂಟ್ +9ರಿಂದ −9ಕ್ಕೆ ನೇರವಾಗಿ ಹೋಗುತ್ತದೆ, ಗ್ರೌಂಡ್ ತಂತಿಯನ್ನು ಮುಟ್ಟುವುದಿಲ್ಲ. ಎರಡೂ 100 ಓಮ್‌ನ ಗ್ರೌಂಡ್ ತುದಿಗಳನ್ನು ಮಾತ್ರ ಬ್ರೆಡ್‌ಬೋರ್ಡ್‌ನ ಒಂದೇ ಸಾಲಿನಲ್ಲಿ, ಅಕ್ಕಪಕ್ಕದ ತೂತಿನಲ್ಲಿ ಇಡಿ.

ಕೈ ನೋವಾದವರಿಗೆ: ಪಾಟ್ ಬದಲು ಆಪ್‌ಆಂಪ್

ಹತ್ತು ಐಸಿ ಅಳೆಯಬೇಕಾದರೆ ಪಾಟ್ ತಿರುಗಿಸಿ ತಿರುಗಿಸಿ ಬೇಜಾರಾಗುತ್ತದೆ. ಆಗ ಪಾಟ್ ತಿರುಗಿಸುವ ಕೆಲಸವನ್ನು ಒಂದು ಇಂಟಿಗ್ರೇಟರ್‌ಗೆ ಕೊಡಿ. ಇನ್‌ಪುಟ್ ಯಾವ ಕಡೆ ಇದೆ ಅಂತ ನೋಡಿ ತನ್ನ ಔಟ್‌ಪುಟ್ ಅನ್ನು ನಿಧಾನವಾಗಿ ಜರುಗಿಸುತ್ತಾ ಹೋಗುವ ಆಪ್‌ಆಂಪ್ ಸರ್ಕ್ಯೂಟ್ ಅದು. ಐಸಿ ಪರೀಕ್ಷಿಸುವ ಯಂತ್ರಗಳಲ್ಲೂ ತಾನೇ ತಿದ್ದಿಕೊಳ್ಳುವ ಇದೇ ಸರ್ವೋ ಉಪಾಯ ಬಳಕೆಯಲ್ಲಿದೆ.

ಪಾಟ್ ಮತ್ತು ಹಿಸ್ಟರಿಸಿಸ್ ರೆಸಿಸ್ಟರ್ ಎರಡನ್ನೂ ತೆಗೆಯಿರಿ. ಟಿಎಲ್072 ಆಪ್‌ಆಂಪ್ (ಭಾರೀ ಗೇನ್‌ನ ಆಂಪ್ಲಿಫೈಯರ್ ಐಸಿ) ಒಂದನ್ನು ಅದೇ ±9ಕ್ಕೆ ಜೋಡಿಸಿ. ಕಂಪ್ಯಾರೇಟರ್ ಔಟ್‌ಪುಟ್‌ನಿಂದ 1 ಮೆಗಾಓಮ್ ಮೂಲಕ ಆಪ್‌ಆಂಪ್‌ನ ಮೈನಸ್ ಇನ್‌ಪುಟ್‌ಗೆ. ಅದರ ಪ್ಲಸ್ ಇನ್‌ಪುಟ್ ಗ್ರೌಂಡ್‌ಗೆ. ಆಪ್‌ಆಂಪ್ ಔಟ್‌ಪುಟ್‌ನಿಂದ ಅದರ ಮೈನಸ್ ಇನ್‌ಪುಟ್‌ಗೆ 0.1 ಮೈಕ್ರೋಫ್ಯಾರಡ್, ಪಾಲಿಯೆಸ್ಟರ್ ಇರಲಿ, ಎಲೆಕ್ಟ್ರೋಲಿಟಿಕ್ ಬೇಡ. ಆಪ್‌ಆಂಪ್ ಔಟ್‌ಪುಟ್ ಅನ್ನು ಮೊದಲು ವೈಪರ್ ಇದ್ದ ಜಾಗಕ್ಕೆ, ಅಂದರೆ 100 ಕೆ ತುದಿಗೆ ಕೊಡಿ. ತೂಕದ ಬಿಂದು 3ನೇ ಕಾಲಿನಲ್ಲಿರಲಿ. ಅಲ್ಲಿಂದ ಗ್ರೌಂಡ್‌ಗೆ 10 ನ್ಯಾನೋಫ್ಯಾರಡ್ ಒಂದು ಹಾಕಿದರೆ ಒಳ್ಳೆಯದು.

ಕಂಪ್ಯಾರೇಟರ್ ಮೇಲೆ ಹೋದರೆ ಇಂಟಿಗ್ರೇಟರ್ ಕೆಳಗಿಳಿಯುತ್ತದೆ, ತೂಕ ಕಡಿಮೆ ಮಾಡುತ್ತದೆ. ಕೆಳಗೆ ಹೋದರೆ ತೂಕ ಹೆಚ್ಚಿಸುತ್ತದೆ. ಹೀಗೆ ತಾನೇ ತಡಕಾಡಿ ಅಂಚಿನ ಮೇಲೆ ನಿಲ್ಲುತ್ತದೆ. ಆಪ್‌ಆಂಪ್ ಔಟ್‌ಪುಟ್‌ಗೆ ಮೀಟರ್ ಹಿಡಿಯಿರಿ. 1.70 ವೋಲ್ಟ್ ಅಂತ ತೋರಿಸಿದರೆ ಆಫ್‌ಸೆಟ್ 1.70 ಮಿಲಿವೋಲ್ಟ್. ವೋಲ್ಟ್ ಓದಿದರೆ ಮಿಲಿವೋಲ್ಟ್ ಸಿಗುತ್ತದೆ, ತಪ್ಪು ಸಾವಿರದಲ್ಲಿ ಒಂದು ಪಾಲು.

ಆಪ್‌ಆಂಪ್‌ಗೂ ಆಫ್‌ಸೆಟ್ ಇದೆಯಲ್ಲ, ಅದು ಅಳತೆ ಕೆಡಿಸುವುದಿಲ್ಲವೇ? ಕೆಡಿಸುವುದಿಲ್ಲ. ಅದರ ಕೆಲವು ಮಿಲಿವೋಲ್ಟ್ ಬಂದು ಬೀಳುವುದು ಕಂಪ್ಯಾರೇಟರ್‌ನ ಔಟ್‌ಪುಟ್ ಕಡೆ. ಅಲ್ಲಿ 18 ವೋಲ್ಟ್ ಓಡಾಡುತ್ತಿರುವಾಗ ಇವನ್ನು ಕೇಳುವವರಿಲ್ಲ.

ಒಂದೇ ಕೊರತೆ: ಇಲ್ಲಿ ಇನ್‌ಪುಟ್ ಅದಲುಬದಲು ಮಾಡುವಂತಿಲ್ಲ. ಮಾಡಿದರೆ ಫೀಡ್‌ಬ್ಯಾಕ್ ಪಾಸಿಟಿವ್ ಆಗಿ ಆಪ್‌ಆಂಪ್ ಒಂದು ತುದಿಗೆ ಹೋಗಿ ಕೂತುಬಿಡುತ್ತದೆ. ಆದ್ದರಿಂದ ಮೊದಲ ಐಸಿಯನ್ನು ಪಾಟ್ ವಿಧಾನದಲ್ಲಿ, ಅದಲುಬದಲು ಸಮೇತ ಅಳೆದಿಡಿ. ಅದನ್ನೇ ಸರ್ವೋದಲ್ಲೂ ಅಳೆದು ವ್ಯತ್ಯಾಸ ನೋಡಿ. ಆ ವ್ಯತ್ಯಾಸವನ್ನು ಉಳಿದ ಎಲ್ಲಾ ಐಸಿಗಳ ಅಂಕಿಯಿಂದ ಕಳೆಯಿರಿ.

ಆಸಿಲೋಸ್ಕೋಪ್ ಇರುವವರು ಸಿಗ್ನಲ್ ಜನರೇಟರ್‌ನಿಂದ ಒಂದೇ ಸಮ ಏರುವ ರ್‍ಯಾಂಪ್ ಕೊಟ್ಟು ಒಂದೇ ನೋಟದಲ್ಲಿ ಮುಗಿಸಲು ಹೋಗುತ್ತಾರೆ. ತಪ್ಪಿಲ್ಲ, ಆದರೆ ರ್‍ಯಾಂಪ್ ನಿಧಾನವಾಗಿರಬೇಕು. 5 ಮಿಲಿವೋಲ್ಟ್ ಓವರ್‌ಡ್ರೈವ್ (ತಿರುಗುವ ಬಿಂದು ದಾಟಿ ಕೊಟ್ಟ ಹೆಚ್ಚುವರಿ ವೋಲ್ಟೇಜ್) ಇದ್ದಾಗಲೇ ಎಲ್‌ಎಂ393 ತಿರುಗಲು ಸುಮಾರು 1.3 ಮೈಕ್ರೋಸೆಕೆಂಡ್ ಬೇಕು. ಇನ್‌ಪುಟ್ ಮೈಕ್ರೋಸೆಕೆಂಡಿಗೆ 1 ಮಿಲಿವೋಲ್ಟ್ ಏರುತ್ತಿದ್ದರೆ, ಅದು ತಿರುಗುವಷ್ಟರಲ್ಲಿ ನೀವು 1.3 ಮಿಲಿವೋಲ್ಟ್ ಮುಂದೆ ಹೋಗಿರುತ್ತೀರಿ. ಅದು ಆಫ್‌ಸೆಟ್ ಅಲ್ಲ, ಬರೀ ತಡ.

ಕಾಮನ್ ಮೋಡ್ ಮತ್ತು ಬಿಸಿ

ಎರಡೂ ಇನ್‌ಪುಟ್ ಒಟ್ಟಿಗೆ ಕೂತಿರುವ ವೋಲ್ಟೇಜ್ ಮಟ್ಟವೇ ಕಾಮನ್ ಮೋಡ್. ಎರಡೂ ಗ್ರೌಂಡ್‌ನಲ್ಲಿದ್ದಾಗ ಬಂದ ಅಂಕಿ ಬೇರೆ ಮಟ್ಟದಲ್ಲೂ ಹಾಗೇ ಇರುವುದಿಲ್ಲ. ಇನ್‌ಪುಟ್ ಎತ್ತುವ ಬದಲು ಸಪ್ಲೈಯನ್ನೇ ಜರುಗಿಸಿ. ಬೆಂಚ್ ಸಪ್ಲೈ ಇದ್ದರೆ ಐಸಿಗೆ ಮತ್ತು ಅದರ ಪುಲ್‌ಅಪ್‌ಗೆ ಮಾತ್ರ ±9 ಬದಲು +5 ಮತ್ತು −13 ಕೊಡಿ. ಐಸಿಯ ಕಣ್ಣಿಗೆ ಇನ್‌ಪುಟ್ 4 ವೋಲ್ಟ್ ಮೇಲೆ ಹೋದಂತೆ, ನಿಮ್ಮ ಮೀಟರ್‌ಗೆ ಮಾತ್ರ ಏನೂ ಬದಲಾಗಿಲ್ಲ. ಆದರೆ ಔಟ್‌ಪುಟ್ ಈಗ ಗ್ರೌಂಡ್‌ನ ಎರಡೂ ಕಡೆ ಸಮವಾಗಿಲ್ಲ, ಹಾಗಾಗಿ 10 ಮೆಗಾಓಮ್‌ನಿಂದಾಗುವ 40 ಮೈಕ್ರೋವೋಲ್ಟ್ ಜಾರುವಿಕೆಯನ್ನು ಲೆಕ್ಕದಲ್ಲಿಡಿ. ಇನ್‌ಪುಟ್ ಮೇಲಿನ ಸಪ್ಲೈಗಿಂತ 1.5 ವೋಲ್ಟ್ ಕೆಳಗಿನ ಮಿತಿ ದಾಟಿದರೆ ಅಂಕಿಗೆ ಅರ್ಥವೇ ಇರುವುದಿಲ್ಲ.

ಬಿಸಿ ಪರೀಕ್ಷೆಗೆ ಹೇರ್ ಡ್ರೈಯರ್ ಸಾಕು. ಗಾಳಿ ಹೊಡೆಯುವಾಗ ಅಳೆಯಬೇಡಿ. ನಿಲ್ಲಿಸಿ, ರಟ್ಟಿನ ಡಬ್ಬಿ ಮುಚ್ಚಿ, ಒಂದು ನಿಮಿಷ ಬಿಟ್ಟು ಅಳೆಯಿರಿ. ಬೆರಳಲ್ಲಿ ಐಸಿ ಮುಟ್ಟಿದರೂ ಅಂಕಿ ಓಡುತ್ತದೆ, ಒಮ್ಮೆ ಮುಟ್ಟಿ ನೋಡಿ.

ಕಂಪ್ಯಾರೇಟರ್ ನಿಮ್ಮದೇ ಡಿಸೈನ್ ಆಗಿದ್ದರೆ

ಚಿಪ್ ಡಿಸೈನ್ ಕಲಿಯುವವರು ಸಿಮ್ಯುಲೇಟರ್‌ನಲ್ಲಿ ಆಫ್‌ಸೆಟ್ ಅಳೆದು "ಸೊನ್ನೆ ಬಂತು ಸಾರ್" ಅಂತ ಖುಷಿಯಿಂದ ಬರುತ್ತಾರೆ. ಬಂದೇ ಬರುತ್ತದೆ. ಸಿಮ್ಯುಲೇಟರ್‌ನಲ್ಲಿ ಎರಡು ಟ್ರಾನ್ಸಿಸ್ಟರ್ ಅಂದರೆ ಒಂದೇ ಟ್ರಾನ್ಸಿಸ್ಟರ್‌ನ ಎರಡು ಪ್ರತಿ. ಸಿಲಿಕಾನ್‌ನಲ್ಲಿ ಅವಳಿಗಳೂ ಒಂದೇ ಥರ ಇರುವುದಿಲ್ಲ. ಸಂಶೋಧಕ ಪೆಲ್‌ಗ್ರೋಮ್ ಮತ್ತು ಸಂಗಡಿಗರು 1989ರಲ್ಲಿ ತೋರಿಸಿದಂತೆ, ಜೋಡಿಯ ಥ್ರೆಶೋಲ್ಡ್ (ಟ್ರಾನ್ಸಿಸ್ಟರ್ ಆನ್ ಆಗುವ ವೋಲ್ಟೇಜ್) ವ್ಯತ್ಯಾಸ ಟ್ರಾನ್ಸಿಸ್ಟರ್‌ನ ವಿಸ್ತೀರ್ಣದ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ. ಆ ಪ್ರೊಸೆಸ್‌ನ ಸ್ಥಿರಾಂಕ 5 ಮಿಲಿವೋಲ್ಟ್-ಮೈಕ್ರಾನ್ ಅಂದುಕೊಂಡರೆ, 4 ಮೈಕ್ರಾನ್ ಅಗಲ ಮತ್ತು 0.5 ಮೈಕ್ರಾನ್ ಉದ್ದದ ಜೋಡಿಗೆ ಒಂದು ಸಿಗ್ಮಾ, ಅಂದರೆ ಹರಡುವಿಕೆಯ ಅಳತೆ, ಸುಮಾರು 3.5 ಮಿಲಿವೋಲ್ಟ್. ಅದನ್ನು ಅರ್ಧಕ್ಕೆ ಇಳಿಸಲು ವಿಸ್ತೀರ್ಣ ನಾಲ್ಕು ಪಟ್ಟು ಬೇಕು. ಬಿಟ್ಟಿ ಏನೂ ಸಿಗುವುದಿಲ್ಲ.

ಹಾಗಾಗಿ ಮಾಂಟೆ ಕಾರ್ಲೋ ಓಡಿಸಬೇಕು, ಅಂದರೆ ಪ್ರತಿ ಓಟದಲ್ಲೂ ಟ್ರಾನ್ಸಿಸ್ಟರ್‌ಗಳನ್ನು ಯಾದೃಚ್ಛಿಕವಾಗಿ ಚೂರು ಬದಲಿಸಿ ಮತ್ತೆ ಮತ್ತೆ ಸಿಮ್ಯುಲೇಟ್ ಮಾಡಬೇಕು. ಪ್ರೊಸೆಸ್ ಫೈಲುಗಳು ಸಿಗುವುದಿಲ್ಲ ಅನ್ನುವ ನೆಪ ಈಗಿಲ್ಲ. 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಸೇರಿ 130 ನ್ಯಾನೋಮೀಟರ್ ಪ್ರೊಸೆಸ್‌ನ ಪಿಡಿಕೆಯನ್ನು (ಡಿಸೈನ್‌ಗೆ ಬೇಕಾದ ಪ್ರೊಸೆಸ್ ಫೈಲುಗಳ ಕಟ್ಟು) ಎಲ್ಲರಿಗೂ ಬಿಟ್ಟುಕೊಟ್ಟವು. ಎನ್‌ಜಿಸ್ಪೈಸ್ ಸಿಮ್ಯುಲೇಟರ್ ಕೂಡ ಉಚಿತ.

ಕ್ಲಾಕ್ ಮೇಲೆ ನಡೆಯುವ ಸ್ಟ್ರಾಂಗ್‌ಆರ್ಮ್ ಥರದ ಕಂಪ್ಯಾರೇಟರ್ ಆದರೆ ಡಿಸಿ ಸ್ವೀಪ್ (ಇನ್‌ಪುಟ್ ಅನ್ನು ನಿಧಾನವಾಗಿ ಏರಿಸುತ್ತಾ ನೋಡುವುದು) ಕೆಲಸಕ್ಕೆ ಬರುವುದಿಲ್ಲ. ಪ್ರತಿ ಓಟದಲ್ಲೂ ಅರ್ಧಕ್ಕೆ ಅರ್ಧ ಹುಡುಕಿ. ಇನ್‌ಪುಟ್ ವ್ಯತ್ಯಾಸದ ವ್ಯಾಪ್ತಿ ±32 ಮಿಲಿವೋಲ್ಟ್ ಇಟ್ಟುಕೊಳ್ಳಿ. ನಡುವಿನ ವೋಲ್ಟೇಜ್ ಕೊಟ್ಟು ಒಂದು ಕ್ಲಾಕ್ ಹೊಡೆಯಿರಿ. ಒಂದು ಬಂದರೆ ಕೆಳಗಿನ ಅರ್ಧ, ಸೊನ್ನೆ ಬಂದರೆ ಮೇಲಿನ ಅರ್ಧ. ಹತ್ತು ಹೆಜ್ಜೆಗೆ 62.5 ಮೈಕ್ರೋವೋಲ್ಟ್‌ವರೆಗೆ ಇಳಿಯುತ್ತೀರಿ. ಪ್ರತಿ ಕ್ಲಾಕ್ ನಡುವೆ ರಿಸೆಟ್ ಪೂರ್ತಿ ಮುಗಿದಿದೆಯೇ ನೋಡಿ. ಹಿಂದಿನ ಉತ್ತರ ನೋಡ್‌ಗಳಲ್ಲಿ ಚೂರು ಉಳಿದರೂ ಮುಂದಿನ ತೀರ್ಪು ಅತ್ತ ವಾಲುತ್ತದೆ.

ಎಷ್ಟು ಓಟ ಬೇಕು? 100 ಓಟದಲ್ಲಿ ಸಿಗ್ಮಾದ ಅಂದಾಜಿನಲ್ಲೇ ಸುಮಾರು 7 ಶೇಕಡಾ ಅನಿಶ್ಚಿತತೆ ಇರುತ್ತದೆ, 1000 ಓಟದಲ್ಲಿ 2 ಶೇಕಡಾ ಚಿಲ್ಲರೆ. ಡಿಸೈನ್ ತಿದ್ದುತ್ತಿರುವಾಗ 100 ಧಾರಾಳ. ಬಂದ ಸಿಗ್ಮಾ ಎಷ್ಟಿದ್ದರೆ ಸಾಕು ಅನ್ನೋದು ಅದು ಎಲ್ಲಿ ಕೂರುತ್ತದೆ ಅನ್ನುವುದರ ಮೇಲಿದೆ. ಎಸ್‌ಎಆರ್ ಎಡಿಸಿಯಲ್ಲಿ (ಹೆಜ್ಜೆ ಹೆಜ್ಜೆಯಾಗಿ ಹೋಲಿಸಿ ವೋಲ್ಟೇಜನ್ನು ಡಿಜಿಟಲ್ ಅಂಕಿಯಾಗಿಸುವ ಸರ್ಕ್ಯೂಟ್) ಒಂದೇ ಕಂಪ್ಯಾರೇಟರ್ ಇದ್ದರೆ ಆಫ್‌ಸೆಟ್ ಎಲ್ಲಾ ಕೋಡ್‌ಗಳನ್ನೂ ಒಟ್ಟಿಗೆ ಜರುಗಿಸುತ್ತದೆ, ಆಮೇಲೆ ಕಳೆದುಕೊಳ್ಳಬಹುದು. ಎಲ್ಲವನ್ನೂ ಒಂದೇ ಏಟಿಗೆ ಹೋಲಿಸುವ 6 ಬಿಟ್ ಫ್ಲ್ಯಾಶ್ ಎಡಿಸಿಯಲ್ಲಿ 63 ಕಂಪ್ಯಾರೇಟರ್, 63 ಬೇರೆ ಬೇರೆ ಆಫ್‌ಸೆಟ್. ಅಲ್ಲಿ ಅದು ಲೀನಿಯಾರಿಟಿಯನ್ನೇ, ಅಂದರೆ ಕೋಡ್ ಹೆಜ್ಜೆಗಳ ಸಮತೆಯನ್ನೇ, ತಿನ್ನುತ್ತದೆ.

ಲೇಔಟ್ ಮುಗಿದ ಮೇಲೆ ಎಕ್ಸ್‌ಟ್ರಾಕ್ಟ್ ಮಾಡಿದ ನೆಟ್‌ಲಿಸ್ಟ್ (ತಂತಿಗಳ ಕೆಪಾಸಿಟನ್ಸ್ ಸಮೇತ ಸರ್ಕ್ಯೂಟ್‌ನ ಪಟ್ಟಿ) ಹಿಡಿದು, ಮಿಸ್‌ಮ್ಯಾಚ್ (ಜೋಡಿಗಳ ವ್ಯತ್ಯಾಸ) ಆಫ್ ಮಾಡಿ, ಇದೇ ಹುಡುಕಾಟವನ್ನು ಇನ್ನೊಂದು ಸಲ ಓಡಿಸಿ. ಈಗ ಸೊನ್ನೆ ಬರದಿದ್ದರೆ ಲ್ಯಾಚ್‌ನ (ತೀರ್ಪು ಹಿಡಿದಿಡುವ ಭಾಗ) ಎರಡು ಔಟ್‌ಪುಟ್ ನೋಡ್‌ಗಳ ಕೆಪಾಸಿಟನ್ಸ್ ಹೋಲಿಸಿ ನೋಡಿ. ಎಷ್ಟೋ ಸಲ ಅವುಗಳಲ್ಲಿ ಒಂದರ ಪಕ್ಕದಲ್ಲೇ ಕ್ಲಾಕ್ ತಂತಿ ಹಾದುಹೋಗಿರುತ್ತದೆ.